ಗೆರೆ ಎಳೆದವರು ಯಾರು?

ಮಾನ್ಯರೇ,

ಹಡಗು ಎಷ್ಟರವರೆಗೆ ಮುಳುಗಬಹುದೆಂದು ತೋರಿಸುವ ಪಕ್ಕೆಯ ಗೆರೆಯ ಬಗ್ಗೆ ನೀವು ಬರೆದ ‘ನಾವಿಕರ ದೇವರು ಪ್ಲಿಮ್ಸಾಲ್’ ಲೇಖನ ತಲುಪಿತು. ಎರಡು ಸಲ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ಕಸದ ಬುಟ್ಟಿಗೆ ಹಾಕಲೂ ಮನಸ್ಸಾಗಲಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ನೋಹನ ನಾವೆಯಿಂದ ಹೊರಟ ನೀವು ಬ್ರಿಟನ್ ತಲುಪುವಷ್ಟರಲ್ಲಿ ಓದುಗರು ಪುಟ ಮಗುಚಿರುತ್ತಾರೆ. 1875ರ ಜುಲೈ 22ರಿಂದಲೇ ಆರಂಭಿಸಿ: ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿಯ ಸರ್ಕಾರ ಹಡಗುಗಳ ಸುರಕ್ಷೆಯ ಮಸೂದೆಯನ್ನು ಕೈಬಿಟ್ಟಿದೆ; ಡರ್ಬಿಯ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಮುಷ್ಟಿ ಬಿಗಿದು, ಸಂಸತ್ತಿನಲ್ಲೇ ‘ಖಳರು’ ಎಂದು ಕೂಗುತ್ತಿದ್ದಾನೆ. ನಿಮ್ಮ ದೇವರಿಗಿಂತ ಈ ಸಿಟ್ಟಿನ ಕಲ್ಲಿದ್ದಲು ವ್ಯಾಪಾರಿಯೇ ನನಗೆ ಇಷ್ಟ.

ಅವನ ಸಿಟ್ಟಿಗೆ ಕಾರಣವೇನು? ವಿಮೆ ಮಾಡಿಸಿದ ಹಳೆಯ ಹಡಗಿಗೆ ಕಂಠಮಟ್ಟ ಸರಕು ಹೇರಿ ಕಳುಹಿಸಿದರೆ, ದಡ ಸೇರಿದಾಗ ಬಾಡಿಗೆ, ಮುಳುಗಿದಾಗ ವಿಮೆಯ ಹಣ. ನಷ್ಟವೆಲ್ಲ ನಾವಿಕರದು. ನೀವು ಇದನ್ನು ಅರ್ಧ ವಾಕ್ಯದಲ್ಲಿ ಮುಗಿಸಿ, ‘ಮಾನವೀಯತೆಯ ಹಣತೆ’ಯನ್ನು ನಾಲ್ಕು ಕಡೆ ಹಚ್ಚಿದ್ದೀರಿ. ಹಣತೆ ಬೇಡ, ವಿಮೆಯ ಲೆಕ್ಕ ಬರೆಯಿರಿ.

‘1876ರ ಕಾಯ್ದೆಯೊಂದಿಗೆ ಸಮಸ್ಯೆ ಬಗೆಹರಿಯಿತು’ ಎಂದಿದ್ದೀರಿ. ಇದು ದೊಡ್ಡ ತಪ್ಪು. ಹಡಗಿನ ಪಕ್ಕೆಯ ಮೇಲೆ ಹೊರೆಯ ಗೆರೆ ಇರಲೇಬೇಕು ಎಂದ ಆ ಕಾಯ್ದೆ, ಅದು ಎಲ್ಲಿರಬೇಕೆಂಬುದನ್ನು ಮಾಲೀಕನಿಗೇ ಬಿಟ್ಟಿತು! ಕಾರ್ಡಿಫ್‌ನ ಒಬ್ಬ ಕಪ್ತಾನ ಗೆರೆಯನ್ನು ಹೊಗೆಕೊಳವೆಯ ಮೇಲೆ ಬಳಿಸಿದನೆಂಬ ಕಥೆ ಹುಟ್ಟಿದ್ದು ಹೀಗೆ. ಗೆರೆಯ ಜಾಗವನ್ನೂ ಕಾನೂನು ಗೊತ್ತುಮಾಡಿದ್ದು 1890ರಲ್ಲಿ. ನಡುವಿನ ಆ 14 ವರ್ಷಗಳೇ ನಿಮ್ಮ ಲೇಖನದ ಜೀವ. ನಿಮ್ಮಲ್ಲಿ ಅವುಗಳ ಸುಳಿವೇ ಇಲ್ಲ.

ಇನ್ನೊಂದು: ಈಗಿನ ಹಡಗಿನ ಮೇಲಿರುವುದು ಒಂದೇ ಗೆರೆಯಲ್ಲ. 300 ಮಿಲಿಮೀಟರ್ ಅಗಲದ ವೃತ್ತ, ಅದನ್ನು ಸೀಳುವ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತೆ ಹಲವು ಗೆರೆಗಳು. ‘ಎಸ್’ ಬೇಸಿಗೆಗೆ, ‘ಡಬ್ಲ್ಯೂ’ ಚಳಿಗಾಲಕ್ಕೆ, ‘ಟಿ’ ಉಷ್ಣವಲಯಕ್ಕೆ, ‘ಎಫ್’ ಸಿಹಿನೀರಿಗೆ. ಹೂಗ್ಲಿ ನದಿಯ ಬಂದರಿನಲ್ಲಿ ‘ಎಫ್’ವರೆಗೆ ಮುಳುಗಿದ ಹಡಗು ಉಪ್ಪುನೀರಿಗೆ ಬಂದೊಡನೆ, ಒಂದು ಮೂಟೆಯನ್ನೂ ಇಳಿಸದೆ, ‘ಎಸ್’ವರೆಗೆ ಮೇಲೇಳುತ್ತದೆ. ಇಂಥ ಬೆರಗನ್ನು ಬಿಟ್ಟು ‘ಸಾಗರದ ಗರ್ಭ’ದ ಬಗ್ಗೆ ಏಕೆ ಬರೆಯುತ್ತೀರಿ?

ನಿಮ್ಮ ಮನೆ ಪಣಂಬೂರಿನ ಹತ್ತಿರ ಎಂದು ತಿಳಿಸಿದ್ದೀರಿ. ಹಡಗಿನ ಬದಿಯ ಅಂಕಿಗಳನ್ನು ಓದಿ ಹೊರೆ ಲೆಕ್ಕ ಹಾಕುವವರು ಬಂದರಿನಲ್ಲಿ ಸಿಗುತ್ತಾರೆ, ಅವರನ್ನು ಮಾತನಾಡಿಸಿ. 2009ರ ಜುಲೈಯಲ್ಲಿ ಮಂಗಳೂರಿನ ಬಳಿ ಕಬ್ಬಿಣದ ಅದಿರಿನ ಪುಡಿ ಹೊತ್ತಿದ್ದ ‘ಏಷ್ಯನ್ ಫಾರೆಸ್ಟ್’ ಮುಳುಗಿದ್ದನ್ನೂ ಕೇಳಿ. ಒದ್ದೆ ಪುಡಿ ಅಲೆಯ ಕುಲುಕಿಗೆ ಕೆಸರಾಗಿ ಒಂದೇ ಬದಿಗೆ ಹರಿದರೆ, ಹೊರೆ ಮಿತಿಯೊಳಗಿದ್ದರೂ ಹಡಗು ಮಗುಚುತ್ತದೆ. ಆದ್ದರಿಂದ ‘ಗೆರೆ ಇದ್ದರೆ ಸುರಕ್ಷೆ’ ಎಂಬ ನಿಮ್ಮ ಕೊನೆಯ ಮಾತು ನಿಲ್ಲುವುದಿಲ್ಲ.

ಐದು ಪುಟಕ್ಕೆ ಇಳಿಸಿ ಮತ್ತೆ ಕಳುಹಿಸಿ. ಪ್ಲಿಮ್ಸಾಲ್ ಹುಟ್ಟಿದ್ದು ಬ್ರಿಸ್ಟಲ್‌ನಲ್ಲಿ, ಡರ್ಬಿಯಲ್ಲಲ್ಲ, ಅದನ್ನೂ ತಿದ್ದಿ.

— ಸಂಪಾದಕ