ಜಿಮ್ಮಿ ವೈಲ್ಡ್ ಕೇವಲ 45 ಕಿಲೋ ತೂಗುತ್ತಿದ್ದರೂ ಭಾರದ ಬಾಕ್ಸರ್‌ಗಳನ್ನು ನಾಕೌಟ್ ಮಾಡುತ್ತಿದ್ದುದು ಹೇಗೆ?

ತೋಳಿನ ಬಲಕ್ಕಿಂತ ಹೆಚ್ಚಾಗಿ ಸಮಯಪ್ರಜ್ಞೆಯಿಂದ. ವೇಲ್ಸ್‌ನ ಈ ಬಾಕ್ಸರ್ ಕೈಗಳನ್ನು ಸೊಂಟದ ಹತ್ತಿರ ಇಳಿಬಿಟ್ಟು ನಿಲ್ಲುತ್ತಿದ್ದರು. ಮುಖ ತೆರೆದಿದೆಯೆಂದು ಎದುರಾಳಿ ಮುನ್ನುಗ್ಗಿದಾಗ ಸೊಂಟದಿಂದ ಹಿಂದಕ್ಕೆ ಬಾಗಿ, ಹೊಡೆತ ಗಾಳಿಯಲ್ಲಿ ಹೋಗುತ್ತಿದ್ದಂತೆಯೇ ತಿರುಗೇಟು ಕೊಡುತ್ತಿದ್ದರು. ಮುಂದಕ್ಕೆ ಬರುತ್ತಿರುವ ಗಲ್ಲಕ್ಕೆ ಗುದ್ದು ಬಿದ್ದರೆ ಎರಡು ದೇಹಗಳ ವೇಗವೂ ಅದರಲ್ಲಿ ಸೇರುತ್ತದೆ. ಹಾಗಾಗಿ ಎದುರಾಳಿಯ ಭಾರ ಅವನಿಗೇ ಮುಳುವಾಗುತ್ತಿತ್ತು.

ಈ ಲೆಕ್ಕ ಕೈಗೆ ಹತ್ತಿದ್ದು ಜಾತ್ರೆಗಳ ಬಾಕ್ಸಿಂಗ್ ಡೇರೆಗಳಲ್ಲಿ. ಅಲ್ಲಿ ತೂಕದ ವರ್ಗವೆಂಬುದೇ ಇರಲಿಲ್ಲ, ಸವಾಲು ಹಾಕಿದವರೆಲ್ಲರ ಜೊತೆ ಸೆಣಸಬೇಕಿತ್ತು. ಅದಕ್ಕೂ ಮೊದಲು ಕಲ್ಲಿದ್ದಲು ಗಣಿಯಲ್ಲಿ ದುಡಿದ ಮೈ ಅವರದು.

ಆಗ ಬಾಕ್ಸಿಂಗ್‌ನ ಅತಿ ಹಗುರ ವರ್ಗವಾಗಿದ್ದ ಫ್ಲೈವೇಟ್‌ನ ಗರಿಷ್ಠ ತೂಕದ ಮಿತಿ 112 ಪೌಂಡ್, ಅಂದರೆ ಸುಮಾರು 50.8 ಕಿಲೋ. ವೈಲ್ಡ್ ಅದನ್ನೂ ಮುಟ್ಟುತ್ತಿರಲಿಲ್ಲ. ಆದರೂ 1916ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಅಮೆರಿಕದ ಯಂಗ್ ಜುಲು ಕಿಡ್‌ರನ್ನು 11ನೇ ಸುತ್ತಿನಲ್ಲಿ ಸೋಲಿಸಿ ವಿಶ್ವ ಚಾಂಪಿಯನ್ ಎನಿಸಿಕೊಂಡರು.

ಈ ಶೈಲಿ ಪೂರ್ತಿ ಕಣ್ಣು ಮತ್ತು ಸೊಂಟದ ಚುರುಕಿನ ಮೇಲೆ ನಿಂತಿತ್ತು. ಕ್ಷಣ ತಡವಾದರೂ, ಕೆಳಗಿಳಿಸಿದ ಕೈ ಮುಖ ಕಾಯಲು ಮೇಲೆ ಬರುವುದರೊಳಗೆ ಏಟು ಬಿದ್ದಿರುತ್ತದೆ. 1923ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಫಿಲಿಪ್ಪೀನ್ಸ್‌ನ ಪಾಂಚೊ ವಿಲ್ಲಾ ಎದುರಾದಾಗ ವೈಲ್ಡ್‌ಗೆ 31 ವರ್ಷ, ಎರಡು ವರ್ಷಗಳಿಂದ ರಿಂಗ್‌ನಿಂದ ದೂರವಿದ್ದರು. 7ನೇ ಸುತ್ತಿನಲ್ಲಿ ನಾಕೌಟ್ ಆದರು. ಅದೇ ಅವರ ಕೊನೆಯ ಪಂದ್ಯ.