ಪಿಡಿಎಫ್ ಹೊಟ್ಟೆಯೊಳಗೆ ಇನ್ನೊಂದು ಬಿಲ್ಲು

ಪ್ರಶ್ನೆ: ಮೈಸೂರಿನ ಮೇಟಗಳ್ಳಿಯಲ್ಲಿ ನಮ್ಮದು ಸಣ್ಣ ಅಗರಬತ್ತಿ ಕಾರ್ಖಾನೆ. ಜರ್ಮನಿಯಿಂದ ಸುಗಂಧದ ಎಣ್ಣೆ ತರಿಸುತ್ತೇವೆ. ಅವರು ಬಿಲ್ಲನ್ನು ಒಮ್ಮೆ ಪಿಡಿಎಫ್, ಒಮ್ಮೆ ಬರೀ ಎಕ್ಸ್‌ಎಂಎಲ್ (ಕಂಪ್ಯೂಟರ್ ಓದುವ ಫೈಲು) ಆಗಿ ಕಳಿಸುತ್ತಾರೆ. ಯಾವುದು ಯಾವ ಫಾರ್ಮ್ಯಾಟ್ ಅಂತ ಹೇಳುವ ಸಾಫ್ಟ್‌ವೇರ್ ಇದೆಯಾ ಸರ್?

ಉತ್ತರ: ಇದೆ. ಆದರೆ ಮೊದಲು ಕಣ್ಣಲ್ಲೇ ನೋಡಿ, ಅರ್ಧ ಕೆಲಸ ಮುಗಿಯುತ್ತೆ. ಅಡೋಬಿ ರೀಡರ್‌ನಲ್ಲಿ ಪಿಡಿಎಫ್ ತೆರೆದು ಪೇಪರ್ ಕ್ಲಿಪ್ ಗುರುತು ಒತ್ತಿ. ಒಳಗೆ 'ಫ್ಯಾಕ್ಟರ್-ಎಕ್ಸ್' (factur-x) ಹೆಸರಿನ ಎಕ್ಸ್‌ಎಂಎಲ್ ಕೂತಿದ್ದರೆ ಅದು ಝುಗ್‌ಫೆರ್ಡ್, ಅಂದ್ರೆ ಪಿಡಿಎಫ್ ಒಳಗೇ ಎಕ್ಸ್‌ಎಂಎಲ್ ಇಟ್ಟ ಜರ್ಮನಿಯ ಮಾದರಿ, ಫ್ರಾನ್ಸಿನವರ ಫ್ಯಾಕ್ಟರ್-ಎಕ್ಸ್ ಕೂಡ ಅದೇ. ಬರೀ ಎಕ್ಸ್‌ಎಂಎಲ್ ಬಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಇಂಥ ಬಿಲ್ಲಿಗೆ ಸಿಐಐ, ಯುಬಿಎಲ್ ಅಂತ ಎರಡು ಮಾದರಿ. ಮೇಲುಗಡೆಯೇ 'ಕ್ರಾಸ್ ಇಂಡಸ್ಟ್ರಿ ಇನ್ವಾಯ್ಸ್' (CrossIndustryInvoice) ಅಂತಿದ್ದರೆ ಸಿಐಐ, ಸುಮ್ನೆ 'ಇನ್ವಾಯ್ಸ್' (Invoice) ಅಂತಿದ್ದು ಪಕ್ಕದಲ್ಲಿ 'ubl' ಅನ್ನುವ ಪದವಿರುವ ವಿಳಾಸದ ಸಾಲು ಇದ್ದರೆ ಯುಬಿಎಲ್. ತಲೆನೋವು ಅಂದ್ರೆ ಎಕ್ಸ್‌ರೆಖ್ನುಂಗ್, ಜರ್ಮನಿಯ ಸರ್ಕಾರಿ ಇ-ಬಿಲ್ಲಿನ ಮಾದರಿ, ಅದು ಈ ಎರಡೂ ವೇಷದಲ್ಲಿ ಬರುತ್ತೆ, ಹಾಗಾಗಿ ಆ ಹೆಸರು (xrechnung) ಒಳಗೆ ಎಲ್ಲಾದರೂ ಇದೆಯಾ ಅಂತ ಕಂಟ್ರೋಲ್ ಎಫ್ ಒತ್ತಿ ಹುಡುಕಿ.

ಸಾಫ್ಟ್‌ವೇರೇ ಬೇಕು ಅಂದ್ರೆ ಮಸ್ಟಾಂಗ್ (Mustang) ಉಚಿತ, ಅದು ಓಡಲು ಕಂಪ್ಯೂಟರಿನಲ್ಲಿ ಜಾವಾ ಬೇಕು, ಬಿಲ್ಲಿನಲ್ಲಿ ತಪ್ಪಿದ್ದರೂ ಹೇಳುತ್ತೆ. ಅದರಂತೆ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡೋದು ಬೇಡ ಅನ್ನುವವರಿಗೆ ಕ್ವುಬಾ (Quba) ವ್ಯೂವರ್ ವಾಸಿ. ಯಾವುದೋ ವೆಬ್‌ಸೈಟಿಗೆ ಬಿಲ್ಲು ಹಾಕಿ ಪರೀಕ್ಷಿಸಬೇಡಿ, ಅದರಲ್ಲಿ ನಿಮ್ಮ ರೇಟು, ಅವರ ಬ್ಯಾಂಕ್ ಖಾತೆ ಎಲ್ಲ ಇರುತ್ತೆ ಅಲ್ವಾ?

ಇನ್ನೊಂದು ಮಾತು, ನಮ್ಮ ಜಿಎಸ್‌ಟಿ ಇ-ಇನ್ವಾಯ್ಸ್ ಜೇಸನ್ ಫೈಲು, ಅದಕ್ಕೆ 64 ಅಕ್ಷರದ ಐಆರ್‌ಎನ್, ಅಂದ್ರೆ ಬಿಲ್ಲಿನ ನೋಂದಣಿ ಗುರುತು, ಇರುತ್ತೆ. ಜರ್ಮನಿಯ ಬಿಲ್ಲಿನಲ್ಲಿ ಅದನ್ನು ಹುಡುಕಬೇಡಿ. ಆಮದಿನ ತೆರಿಗೆ ಕ್ರೆಡಿಟ್‌ಗೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಬೇಕು.