ಓದುಗರ ಪ್ರಶ್ನೆ: ವಿಡಿಯೊ ಗೇಮ್ ಪಾತ್ರಗಳಿಗೆ ಹೆಸರು ಬಂದ ಬಗೆ

ಕಳೆದ ಸಂಚಿಕೆಯಲ್ಲಿ ವಿಡಿಯೊ ಗೇಮ್‌ಗಳ ಪಾತ್ರನಾಮಗಳ ಕುರಿತು ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವುಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾರಿಯೊ ಎಂಬುದು ನಿಜವಾಗಿ ಬದುಕಿದ್ದ ಒಬ್ಬ ಮನುಷ್ಯನ ಹೆಸರು ಎಂದು ನನ್ನ ಮಗ ವಾದಿಸುತ್ತಾನೆ. ಇದು ಹೌದೇ? (ತಾಯಿಯೊಬ್ಬರು, ತಿಪಟೂರು)

ಉತ್ತರ: ನಿಮ್ಮ ಮಗನ ಮಾತು ಸರಿಯಾಗಿದೆ. 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ‘ಡಾಂಕಿ ಕಾಂಗ್’ ಆಟದಲ್ಲಿ ಏಣಿ ಹತ್ತುತ್ತ, ಮೇಲಿನಿಂದ ಉರುಳಿ ಬರುವ ಪೀಪಾಯಿಗಳನ್ನು ಹಾರಿ ದಾಟುವ ಮೀಸೆಯ ಬಡಗಿಯೊಬ್ಬನಿದ್ದ. ಅವನನ್ನು ಮೊದಲು ‘ಜಂಪ್‌ಮ್ಯಾನ್’ ಎಂದು ಕರೆಯಲಾಗುತ್ತಿತ್ತು. ಆ ಕಂಪನಿಯ ಅಮೆರಿಕ ಶಾಖೆಯು ಬಾಡಿಗೆಗೆ ಹಿಡಿದಿದ್ದ ಗೋದಾಮಿನ ಮಾಲೀಕರ ಹೆಸರು ಮಾರಿಯೊ ಸೆಗಾಲೆ. ಶಾಖೆಯವರು ಅವರ ಹೆಸರನ್ನೇ ಈ ಬಡಗಿಗೆ ಇಟ್ಟರು. ಪ್ರಚಾರದಿಂದ ದೂರವೇ ಉಳಿದ ಸೆಗಾಲೆ 2018ರಲ್ಲಿ ತೀರಿಕೊಂಡರು.

ಇದೇ ಆಟದ ಎಳೆಯಿಂದ ಇನ್ನೊಂದು ಹೆಸರೂ ಹುಟ್ಟಿತು. ‘ಡಾಂಕಿ ಕಾಂಗ್’ ತಮ್ಮ ‘ಕಿಂಗ್ ಕಾಂಗ್’ನ ನಕಲು ಎಂದು ಅಮೆರಿಕದ ಯೂನಿವರ್ಸಲ್ ಚಲನಚಿತ್ರ ಸಂಸ್ಥೆ 1982ರಲ್ಲಿ ದಾವೆ ಹೂಡಿದಾಗ, ನಿಂಟೆಂಡೊ ಪರವಾಗಿ ವಾದಿಸಿದವರು ಜಾನ್ ಕರ್ಬಿ ಎಂಬ ವಕೀಲರು. ಕಿಂಗ್ ಕಾಂಗ್ ಕಥೆಯ ಮೇಲೆ ಯಾರ ಹಕ್ಕೂ ಉಳಿದಿಲ್ಲವೆಂದು ಹಿಂದೊಮ್ಮೆ ಇದೇ ಸಂಸ್ಥೆ ಬೇರೊಂದು ಮೊಕದ್ದಮೆಯಲ್ಲಿ ವಾದಿಸಿ ಗೆದ್ದಿತ್ತು. ಆ ಹಳೆಯ ವಾದವೇ ಈಗ ಅದಕ್ಕೆ ತಿರುಗುಬಾಣವಾಯಿತು. 1992ರಲ್ಲಿ ಬಂದ ನಿಂಟೆಂಡೊ ಆಟದ ಗುಂಡನೆಯ ಪುಟ್ಟ ನಾಯಕನಿಗೆ ‘ಕರ್ಬಿ’ ಎಂದು ಹೆಸರಿಡುವಾಗ ಆ ವಕೀಲರ ನೆನಪೂ ಒಂದು ಕಾರಣವಾಗಿತ್ತು. ಉಪಕಾರವನ್ನು ಹೀಗೆ ಹೆಸರಿನಲ್ಲಿ ಉಳಿಸಿಕೊಂಡ ಉದಾಹರಣೆ ಈ ಉದ್ಯಮದಲ್ಲಿ ಅಪರೂಪ, ಅದಕ್ಕಾಗಿಯೇ ನನಗೆ ಇದು ಅಚ್ಚುಮೆಚ್ಚು.

ಪ್ರಶ್ನೆ: ಒಂದೇ ಪಾತ್ರಕ್ಕೆ ಜಪಾನಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು ಹೆಸರು ಇರುವುದೇಕೆ? (ಪದವಿ ವಿದ್ಯಾರ್ಥಿ, ಕೆಜಿಎಫ್)

ಉತ್ತರ: ಆಟವನ್ನು ಕಟ್ಟುವವರು ಒಂದು ದೇಶದಲ್ಲಿ, ಮಾರುವವರು ಇನ್ನೊಂದು ದೇಶದಲ್ಲಿ ಇದ್ದುದರಿಂದ ಹೆಸರಿನ ವಿಷಯದಲ್ಲಿ ಕೊನೆಯ ಮಾತು ಅನೇಕ ವೇಳೆ ಮಾರುವವರದೇ ಆಯಿತು. ನಾವು ‘ಗಬಗಬ ತಿನ್ನುವುದು’ ಎನ್ನುವಂತೆ ಜಪಾನೀಯರಿಗೆ ಬಾಯಿ ತೆರೆದು ಮುಚ್ಚುವ ಕ್ರಿಯೆಗೆ ‘ಪಾಕು ಪಾಕು’ ಎಂಬ ಅನುಕರಣ ಪದವಿದೆ. ತೊರು ಇವಾತಾನಿ ಅವರು ನಾಮ್ಕೊ ಕಂಪನಿಗಾಗಿ 1980ರಲ್ಲಿ ರೂಪಿಸಿದ, ಬಾಯಿಯೇ ಸರ್ವಸ್ವವಾದ ಹಳದಿ ಬಣ್ಣದ ಪಾತ್ರಕ್ಕೆ ಇದರಿಂದಲೇ ‘ಪಕ್‌ಮ್ಯಾನ್’ ಎಂಬ ಹೆಸರು ಬಂದಿತು. ಅಮೆರಿಕದಲ್ಲಿ ಪುಂಡ ಹುಡುಗರು ಯಂತ್ರದ ಮೇಲಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವನ್ನು ಸ್ವಲ್ಪ ಕೆರೆದರೂ ಅದು ಅಸಭ್ಯ ಪದವಾಗಿಬಿಡುತ್ತದೆ ಎಂಬ ಭಯದಿಂದ ಅಲ್ಲಿ ಅದನ್ನು ‘ಪ್ಯಾಕ್‌ಮ್ಯಾನ್’ ಎಂದು ಬದಲಿಸಲಾಯಿತು.

ಅವನನ್ನು ಬೆನ್ನಟ್ಟುವ ನಾಲ್ಕು ದೆವ್ವಗಳ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಜಪಾನಿನ ಆಟದಲ್ಲಿ ಅವುಗಳ ಸ್ವಭಾವವನ್ನು ಓಯಿಕಾಕೆ, ಮಾಚಿಬುಸೆ, ಕಿಮಾಗುರೆ, ಓತೊಬೊಕೆ ಎಂದು ಸೂಚಿಸಲಾಗಿತ್ತು. ಅಂದರೆ ಬೆನ್ನಟ್ಟುವುದು, ಹೊಂಚು ಹಾಕುವುದು, ಚಂಚಲ ಬುದ್ಧಿ, ಏನೂ ತಿಳಿಯದಂತೆ ನಟಿಸುವುದು. ಈ ಪದಗಳು ಆಟದ ಲೆಕ್ಕಾಚಾರಕ್ಕೆ ಸರಿಯಾಗಿ ಹೊಂದುತ್ತವೆ. ಕೆಂಪು ದೆವ್ವವು ಪ್ಯಾಕ್‌ಮ್ಯಾನ್ ಇರುವ ಮನೆಯನ್ನೇ, ಅಂದರೆ ಚೌಕವನ್ನೇ, ಗುರಿಯಾಗಿಸಿಕೊಂಡು ಬರುತ್ತದೆ. ಗುಲಾಬಿ ದೆವ್ವವು ಅವನು ಮುಖ ಮಾಡಿರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ದಾರಿಗೆ ಅಡ್ಡಬರುತ್ತದೆ. ನೀಲಿಯ ಗುರಿಯು ಕೆಂಪು ದೆವ್ವ ಎಲ್ಲಿದೆ ಎಂಬುದನ್ನೂ ಅವಲಂಬಿಸುವುದರಿಂದ ಅದರ ನಡೆಯನ್ನು ಊಹಿಸುವುದೇ ಕಷ್ಟ. ಕಿತ್ತಳೆ ಬಣ್ಣದ್ದು ದೂರದಿಂದ ಬೆನ್ನಟ್ಟಿ ಬಂದರೂ ಎಂಟು ಮನೆಗಳಷ್ಟು ಹತ್ತಿರವಾದೊಡನೆ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ತನ್ನ ಮೂಲೆಯ ಕಡೆಗೆ ತಿರುಗಿಬಿಡುತ್ತದೆ. ಅಮೆರಿಕದಲ್ಲಿ ಇವು ಬ್ಲಿಂಕಿ, ಪಿಂಕಿ, ಇಂಕಿ, ಕ್ಲೈಡ್ ಆದವು. ಹೊಂಚು ಹಾಕುವ ಗುಲಾಬಿ ದೆವ್ವದ ಸ್ವಭಾವಕ್ಕೆ ಅಲ್ಲಿ ‘ವೇಗಿ’ ಎಂಬರ್ಥದ ಪದವನ್ನು ಕೊಟ್ಟುದರಿಂದ, ಅದನ್ನು ಎದುರಿಸುವ ಉಪಾಯವನ್ನು ಹೆಸರಿನಿಂದಲೇ ತಿಳಿಯುವ ಅವಕಾಶವನ್ನು ಆಟಗಾರರು ಕಳೆದುಕೊಂಡರು. ಇದು ದೊಡ್ಡ ನಷ್ಟವೆಂದೇ ನಾನು ಭಾವಿಸುತ್ತೇನೆ.

ಕಾನೂನಿನ ಭಯದಿಂದಲೂ ಹೆಸರುಗಳು ಬದಲಾಗಿವೆ. 1991ರ ‘ಸ್ಟ್ರೀಟ್ ಫೈಟರ್ 2’ರ ಜಪಾನಿ ಆವೃತ್ತಿಯಲ್ಲಿ ಮುಷ್ಟಿಯುದ್ಧದ ಪಟುವಿನ ಹೆಸರು ಎಂ. ಬೈಸನ್. ಅದು ಮೈಕ್ ಟೈಸನ್ ಅವರನ್ನು ನೇರವಾಗಿ ನೆನಪಿಸುತ್ತಿದ್ದ ಕಾರಣ, ಅಮೆರಿಕಕ್ಕೆ ಹೋಗುವಾಗ ಮೂರು ಪಾತ್ರಗಳ ಹೆಸರುಗಳನ್ನು ಅದಲುಬದಲು ಮಾಡಲಾಯಿತು: ಪಟುವು ಬಾಲ್‌ರಾಗ್ ಆದ, ಮುಖವಾಡದ ಸ್ಪೇನಿನವನು ವೇಗ ಆದ, ಸರ್ವಾಧಿಕಾರಿಗೆ ಬೈಸನ್ ಎಂಬ ಹೆಸರು ಹೋಯಿತು.

ಪ್ರಶ್ನೆ: ಜೆಲ್ಡಾ ಎಂದರೆ ಯಾರು? (ಓದುಗರೊಬ್ಬರು, ಶಿರಾ)

ಉತ್ತರ: 1986ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಆಟದ ರಾಜಕುಮಾರಿ. ಅಮೆರಿಕದ ಕಾದಂಬರಿಕಾರ ಸ್ಕಾಟ್ ಫಿಟ್ಸ್‌ಜೆರಾಲ್ಡ್ ಅವರ ಪತ್ನಿ ಜೆಲ್ಡಾ ಅವರ ಹೆಸರನ್ನು ಆಕೆಗೆ ಇಡಲಾಯಿತು.

ಪ್ರಶ್ನೆ: ಮೊಮ್ಮಗ ಆಡುವ ‘ಅಸಾಸಿನ್ಸ್ ಕ್ರೀಡ್’ ಆಟದ ನಾಯಕ ಆಲ್ಟೇರ್. ಇದು ನಕ್ಷತ್ರದ ಹೆಸರಲ್ಲವೇ? ಇಂಥ ಆಟಗಳಲ್ಲಿ ನಮ್ಮ ದೇಶದ ಹೆಸರುಗಳೂ ಇವೆಯೇ? (ನಿವೃತ್ತ ಶಿಕ್ಷಕರು, ಚಿಂತಾಮಣಿ)

ಉತ್ತರ: ಹೌದು, ನಮ್ಮ ಪಂಚಾಂಗದ ಶ್ರವಣ ನಕ್ಷತ್ರವೇ ಆಲ್ಟೇರ್. ‘ಹಾರುವ ಹದ್ದು’ ಎಂಬ ಅರಬ್ಬೀ ನುಡಿಯಿಂದ ಅದು ಬಂದಿದೆ. 2007ರ ಆ ಆಟದ ನಾಯಕ ಗೋಪುರಗಳ ತುದಿಯಿಂದ ಹದ್ದಿನಂತೆ ಕೆಳಕ್ಕೆ ಧುಮುಕುವುದನ್ನು ನೀವು ಮೊಮ್ಮಗನ ಪಕ್ಕದಲ್ಲಿ ಕುಳಿತು ನೋಡಿರಬಹುದು.

ಭಾರತೀಯ ಹೆಸರುಗಳು ಈಗ ಸಾಕಷ್ಟಿವೆ, ಮತ್ತು ಕೆಲವನ್ನು ಶ್ರದ್ಧೆಯಿಂದ ಇಡಲಾಗಿದೆ. 2020ರಲ್ಲಿ ‘ಏಪೆಕ್ಸ್ ಲೆಜೆಂಡ್ಸ್’ ಆಟಕ್ಕೆ ಸೇರಿದ ರಾಂಪಾರ್ಟ್ ಎಂಬ ಪಾತ್ರದ ಪೂರ್ಣ ಹೆಸರು ರಮ್ಯಾ ಪಾರೇಖ್. ಎರಡೂ ಪದಗಳ ಮೊದಲ ಭಾಗಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಸಿಗುವ ರಾಂಪಾರ್ಟ್ ಎಂಬ ಇಂಗ್ಲಿಷ್ ಪದಕ್ಕೆ ಕೋಟೆಯ ಗೋಡೆ ಎಂಬ ಅರ್ಥವಿದ್ದು, ಆಟದಲ್ಲಿ ರಕ್ಷಣೆಗಾಗಿ ಗೋಡೆ ನಿಲ್ಲಿಸುವುದೇ ಆಕೆಯ ವಿದ್ಯೆ. 2022ರಲ್ಲಿ ‘ವ್ಯಾಲೊರಂಟ್’ ಆಟಕ್ಕೆ ಬಂದ ಹಾರ್ಬರ್‌ನ ನಿಜನಾಮ ವರುಣ್ ಬಾತ್ರಾ. ಅವನು ನೀರನ್ನು ಆಳುವವನು, ವರುಣನೆಂಬ ಹೆಸರಿಗೆ ಬೇರೆ ವಿವರಣೆ ಬೇಕಿಲ್ಲ.

ಪ್ರಶ್ನೆ: ನಾವು ಗೆಳತಿಯರು ಸೇರಿ ದೇವರಾಯನದುರ್ಗದ ಹಿನ್ನೆಲೆಯಲ್ಲಿ ಒಂದು ಮೊಬೈಲ್ ಗೇಮ್ ಸಿದ್ಧಪಡಿಸುತ್ತಿದ್ದೇವೆ. ಅಕ್ಕ ಮತ್ತು ತಂಗಿ ಅದರ ನಾಯಕಿಯರು. ಇಂಗ್ಲಿಷ್ ಹೆಸರುಗಳನ್ನೇ ಇಡಬೇಕೆಂದು ಕೆಲವರ ಸಲಹೆ. ತಮ್ಮ ಅಭಿಪ್ರಾಯವೇನು? (ಎಂಜಿನಿಯರಿಂಗ್ ವಿದ್ಯಾರ್ಥಿನಿಯರು, ತುಮಕೂರು)

ಉತ್ತರ: ಇಂಗ್ಲಿಷ್ ಹೆಸರಿನ ಅಗತ್ಯ ನನಗೆ ಕಾಣುವುದಿಲ್ಲ. ಪಾಕು ಪಾಕುವಿನ ಅರ್ಥ ತಿಳಿಯದ ಕೋಟ್ಯಂತರ ಜನರು ಪ್ಯಾಕ್‌ಮ್ಯಾನ್ ಆಡಿದ್ದಾರೆ. ನೀವು ಆರಿಸಿಕೊಂಡಿರುವ ಬೆಟ್ಟವೇ ನಿಮಗೆ ಎರಡು ಹೆಸರುಗಳನ್ನು ಕೊಡುತ್ತದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಸಾಗಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಯೇ ಹುಟ್ಟುವ ಜಯಮಂಗಲಿ ಉತ್ತರಾಭಿಮುಖಿಯಾಗಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಒಂದೇ ಬೆಟ್ಟದಿಂದ ಹೊರಟು ಬೇರೆ ಬೇರೆ ದಿಕ್ಕು ಹಿಡಿಯುವ ಅಕ್ಕತಂಗಿಯರಿಗೆ ಇದಕ್ಕಿಂತ ಒಪ್ಪುವ ಹೆಸರುಗಳನ್ನು ನಾನು ಸೂಚಿಸಲಾರೆ. ಅವರ ದಾರಿಗಳು ಎಲ್ಲಿ ಅಗಲುತ್ತವೆ ಎಂಬ ಕಥೆಯೂ ಅದರಲ್ಲೇ ಅಡಗಿದೆ. ಶ್ರೀರಾಮನು ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂಬ ಐತಿಹ್ಯವುಳ್ಳ ನಾಮದ ಚಿಲುಮೆಯನ್ನು ಮೊದಲ ಹಂತದ ಸ್ಥಳವಾಗಿಸಿಕೊಳ್ಳಬಹುದು.

ಜಯಮಂಗಲಿ ಎಂಬುದು ಆಟದ ನಡುವೆ ಕೂಗಿ ಕರೆಯಲು ಉದ್ದವೆನಿಸಿದರೆ, ಅಕ್ಕ ಅವಳನ್ನು ‘ಜಯಾ’ ಎಂದು ಕರೆಯಲಿ. ಹೆಸರುಗಳನ್ನು ಪರದೆಯ ಮೇಲೆ ಕನ್ನಡ ಲಿಪಿಯಲ್ಲಿ ತೋರಿಸುವಾಗ ‘ಷಾ’ ಅಕ್ಷರ ಒಡೆಯದೆ ಮೂಡುತ್ತದೆಯೇ ಎಂಬುದನ್ನು ಅಗ್ಗದ ಫೋನ್ ಒಂದರಲ್ಲಿಯೂ ಪರೀಕ್ಷಿಸಿರಿ, ಮತ್ತು ಬಿಡುಗಡೆಗೆ ಮುನ್ನ ಇದೇ ಹೆಸರನ್ನು ಬೇರೆ ಯಾರಾದರೂ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದ್ದಾರೆಯೇ ಎಂದು ನೋಡಿಕೊಳ್ಳಿರಿ.